ಯಾರೂ ಮಲಗದ ಚಾದರ

ಆ ಚಾದರಗಳಲ್ಲಿ ಮನುಷ್ಯರ ವಾಸನೆ ಇರಲಿಲ್ಲ.

ಒಗೆಯುವವಳಿಗೆ ಅಷ್ಟೂ ಗೊತ್ತಾಗದೆ ಇರುತ್ತದೆಯೇ? ಹತ್ತೊಂಬತ್ತು ವರ್ಷದಿಂದ ಅವಳು ಆ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಒಗೆಯುತ್ತಿದ್ದಳು. ಜರ್ಸಿಯನ್ನು ಮೂಗಿನ ಹತ್ತಿರ ತಂದರೆ ಸಾಕು, ಯಾರು ಓಡಿದ್ದಾರೆ, ಯಾರು ಬೆಂಚಿನ ಮೇಲೆ ಕೂತು ಆಕಳಿಸಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. ಗೋಲ್‌ಕೀಪರ್ ಹೆದರಿದ ದಿನ ಅವನ ಬೆವರಿನ ವಾಸನೆಯೇ ಬೇರೆ. ಆಟದ ಹುಡುಗರು ಅವಳನ್ನು ಸೋಪಕ್ಕ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಗೇಟಿನ ಪಾಸಿನ ಮೇಲೆ ಮಾತ್ರ ಉಳಿದಿತ್ತು.

ಅಂಥವಳ ಮುಂದೆ ಪ್ರತಿ ಸೋಮವಾರ ಇಪ್ಪತ್ತನಾಲ್ಕು ಚಾದರ ಬಂದು ಬೀಳುತ್ತಿದ್ದವು. ನೀಲಿ ಗಾಡಿ, ಮೇಲೊಂದು ಚೀಟಿ: ‘ಆಸರೆ’. ಅಭ್ಯಾಸದ ಮೈದಾನದ ಹಿಂದೆ ಕ್ಲಬ್ಬು ಕಟ್ಟಿಸಿದ್ದ ಮನೆ ಅದು. ಸುತ್ತಮುತ್ತಲಿನ ಸೂರಿಲ್ಲದವರಿಗೆ. ಹನ್ನೆರಡು ಕೋಣೆ, ಕೋಣೆಗೆ ಎರಡು ಮಂಚ. ಮೊದಲ ಸೋಮವಾರ ಅವಳು ಒಂದು ಚಾದರ ಬಿಡಿಸಿ ಬೆಳಕಿಗೆ ಹಿಡಿದಳು. ಒಂದು ಕೂದಲಿಲ್ಲ. ಜೊಲ್ಲಿನ ಕಲೆಯಿಲ್ಲ. ಹಿಮ್ಮಡಿ ಉಜ್ಜಿದ ಗುರುತಿಲ್ಲ. ಎರಡನೇ ಸೋಮವಾರ ತಾನೇ ಹಾಕಿದ ಇಸ್ತ್ರಿಯ ಗೆರೆ ಹಾಗೇ ವಾಪಸ್ಸು ಬಂತು. ಮೂರನೇ ಸೋಮವಾರವೂ ಅದೇ. ಎಂಟು ತಿಂಗಳು ಅದೇ.

ಅಜ್ಜಿಯರು ಹೇಳುವ ಕಥೆಗಳಲ್ಲಿ ಇಂಥ ಮನೆ ಬರುತ್ತದೆ. ಕಾಡಿನ ನಡುವೆ ದೀಪ ಉರಿಯುತ್ತಿರುತ್ತದೆ, ಹಾಸಿಗೆ ಹಾಸಿರುತ್ತದೆ, ಒಳಗೆ ನರಪಿಳ್ಳೆಯಿಲ್ಲ. ಕಥೆಯಲ್ಲಾದರೆ ಒಬ್ಬ ರಾಕ್ಷಸ ಇರುತ್ತಾನೆ, ಕಾರಣ ಗೊತ್ತಾಗುತ್ತದೆ. ಇಲ್ಲಿ ರಾಕ್ಷಸನೂ ಕಾಣಲಿಲ್ಲ.

ಸೂಪರ್‌ವೈಸರನನ್ನು ಕೇಳಿದಳು. ವಾರಕ್ಕೊಮ್ಮೆ ಒಗೆಯಬೇಕು ಎಂದು ಆರ್ಡರಿನಲ್ಲಿದೆ, ಯಾರಾದರೂ ಮಲಗಿರಬೇಕು ಎಂದು ಎಲ್ಲೂ ಇಲ್ಲ, ನಿನ್ನ ಕೆಲಸ ನೋಡಿಕೋ ಎಂದ.

ನೋಡಿಕೊಂಡಳು. ಕೊಳೆಯಿಲ್ಲದ ಬಟ್ಟೆ ಒಗೆಯುವುದು ಕೊಳೆ ಬಟ್ಟೆಗಿಂತ ಕಷ್ಟ. ಜರ್ಸಿಯ ಮೊಣಕೈ, ಚಡ್ಡಿಯ ಹಿಂಭಾಗ, ಕಾಲುಚೀಲದ ಬೆರಳು, ಎಲ್ಲಿ ಬ್ರಶ್ಶು ಹಾಕಬೇಕೆಂದು ಕೈಗೆ ಗೊತ್ತು. ಹುಲ್ಲಿನ ಕಲೆ ಯಂತ್ರಕ್ಕೆ ಬಗ್ಗುವುದಿಲ್ಲ, ಕೈಯಲ್ಲೇ ತಿಕ್ಕಬೇಕು. ತಿಕ್ಕಿದರೆ ಹೋಗುತ್ತದೆ, ಮನಸ್ಸಿಗೂ ಏನೋ ಒಂದು ಆದಂತಾಗುತ್ತದೆ. ಈ ಚಾದರಗಳಲ್ಲಿ ತಿಕ್ಕಲು ಏನಿತ್ತು? ಬ್ಲೀಚಿನ ನೀರಿಗೆ ಬೆರಳಸಂದು ಒಡೆದು ರಕ್ತ ಬರುತ್ತಿತ್ತು. ಹಾಗೆ ಬಂದ ರಕ್ತದ ಚುಕ್ಕೆಯೇ ಆ ಚಾದರಗಳ ಮೇಲೆ ಬಿದ್ದ ಮೊದಲ ಕಲೆ. ಅದನ್ನೂ ಅವಳೇ ತೊಳೆದಳು.

ಸಂಜೆ ಕೆಲಸ ಮುಗಿಸಿ ಗೇಟು ದಾಟಿ, ಸ್ಟೇಡಿಯಮ್ಮಿಗೆ ಒಂದು ಸುತ್ತು ಹಾಕಿ, ಪೂರ್ವ ಗ್ಯಾಲರಿಯ ಮೆಟ್ಟಿಲ ಕೆಳಗೆ ಹೋಗುತ್ತಿದ್ದಳು. ಅಲ್ಲಿ ರಟ್ಟು ಹಾಸಿಕೊಂಡು ಅತ್ತೆ ಕಾಯುತ್ತಿದ್ದಳು. ಇಬ್ಬರೂ ಅಲ್ಲೇ ಮಲಗುತ್ತಿದ್ದರು.

ಅವರಿಗೂ ಮನೆ ಇತ್ತು. ಹಿಂದಿನ ಬೀದಿಯ ಏಳನೇ ಬಾಗಿಲು. ಒಂದೂವರೆ ಕೋಣೆ, ಬಾಡಿಗೆಯದು. ಕಾರು ನಿಲ್ಲಿಸಲು ಜಾಗ ಸಾಲದು ಎಂದು ಕ್ಲಬ್ಬು ಆ ಬೀದಿಯನ್ನೇ ಕೊಂಡುಕೊಂಡಿತು. ಮನೆ ಯಾರದೋ ಅವರಿಗೆ ಬೇರೆ ಮನೆ ಸಿಕ್ಕಿತು, ಬಾಡಿಗೆಯವರಿಗೆ ಬೀದಿಯೂ ಉಳಿಯಲಿಲ್ಲ. ಗಂಡ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ. ಒಬ್ಬಳು ಮಗನನ್ನು ಕಳೆದುಕೊಂಡವಳು, ಇನ್ನೊಬ್ಬಳು ಗಂಡನನ್ನು. ಬೈದಾಡಿಕೊಳ್ಳಲಾದರೂ ಒಬ್ಬರಿಗೊಬ್ಬರು ಬೇಕಿತ್ತು. ವಿಳಾಸ ಇಲ್ಲದವರಿಗೆ ಕ್ಲಬ್ಬಿನಲ್ಲಿ ಕೆಲಸ ಇಲ್ಲ. ಅದಕ್ಕೇ ಅವಳು ಬಾಯಿ ಬಿಡಲಿಲ್ಲ. ಅವಳ ಫೈಲಿನಲ್ಲಿ ಈಗಲೂ ಇತ್ತು: ಹಿಂದಿನ ಬೀದಿ, ಏಳನೇ ಮನೆ.

ಅತ್ತೆ ಮೂವತ್ತು ವರ್ಷ ಸ್ಟೇಡಿಯಮ್ಮಿನ ಗೇಟಿನ ಮುಂದೆ ಹುರಿದ ಕಡಲೆಕಾಯಿ ಮಾರಿದವಳು. ಮಂಡಿ ಹೋಗಿತ್ತು, ನಾಲಿಗೆ ಹೋಗಿರಲಿಲ್ಲ. ಆ ವರ್ಷ ಥಂಡಿ ಶುರುವಾದಾಗ ಕೆಮ್ಮು ಹಿಡಿಯಿತು. ಪುಕ್ಕಟೆ ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಒಳಗೆ ನೀರು ತುಂಬುತ್ತಿದೆ, ಇನ್ನೊಂದೆರಡು ತಿಂಗಳು ಹಸಿ ನೆಲದ ಮೇಲೆ ಮಲಗಿಸಿದರೆ ನನ್ನ ಹತ್ತಿರ ಕರೆತರುವ ಕೆಲಸ ಇರುವುದಿಲ್ಲ ಎಂದರು. ಒಣ ನೆಲ, ಬೆಚ್ಚಗಿನ ಕೋಣೆ, ಅದೇ ಔಷಧಿ.

“ಚೀಟಿ ಬರ್ಕೊಡಿ ಡಾಕ್ಟ್ರೇ,” ಎಂದಳು ಅತ್ತೆ, “ಅಂಗಡೀಲಿ ಒಣ ನೆಲ ಇದ್ರೆ ಎರಡು ಹೊತ್ತಿಗೂ ತಗೋತೀನಿ.”

ನೆಲ ಯಾಕೆ ಹಸಿಯಾಗಿರುತ್ತಿತ್ತು? ಮಳೆಯಿಂದಲ್ಲ. ಮೆಟ್ಟಿಲ ಕೆಳಗೆ ಮಳೆ ಬರುತ್ತಿರಲಿಲ್ಲ. ಭಾನುವಾರ ಪಂದ್ಯ ಇದ್ದರೆ ಶನಿವಾರ ಮಧ್ಯಾಹ್ನವೇ ಸೆಕ್ಯುರಿಟಿಯವರು ಪೈಪು ಹಿಡಿದು ಬರುತ್ತಿದ್ದರು. ಮಲಗಿದವರು ಏಳುವ ಮೊದಲೇ ನೀರು ಬಿಡುತ್ತಿದ್ದರು. ರಟ್ಟು, ಕಂಬಳಿ, ಹಾಲಿನ ಡಬ್ಬಿ, ಎಲ್ಲ ತೇಲಿ ಚರಂಡಿಗೆ ಹೋಗುತ್ತಿತ್ತು. ರೈಲು ಹಳಿಯಾಚೆ ಹೋಗಿ, ಸೋಮವಾರ ಮಧ್ಯಾಹ್ನದವರೆಗೆ ಈ ಕಡೆ ಮುಖ ಹಾಕಬೇಡಿ ಎನ್ನುತ್ತಿದ್ದರು. ನೋಡಲು ಬರುವ ಜನರಿಗೆ ಅಸಹ್ಯವಾಗಬಾರದಲ್ಲ. ಆ ನೆಲ ಒಣಗಲು ಗುರುವಾರ ಬೇಕಾಗುತ್ತಿತ್ತು. ಶನಿವಾರ ಮತ್ತೆ ಪೈಪು.

ಮೆಟ್ಟಿಲಿನಿಂದ ‘ಆಸರೆ’ಗೆ ನಡೆದರೆ ನಾಲ್ಕು ನಿಮಿಷ.

ಅವಳು ಕ್ಲಬ್ಬಿನ ದತ್ತಿ ವಿಭಾಗದ ಮೇಡಂ ಹತ್ತಿರ ಹೋದಳು. ತನಗೆಂದು ಹೇಳಲಿಲ್ಲ. ಗೊತ್ತಿರುವವರೊಬ್ಬರಿಗೆ ಎಂದಳು. ಮೇಡಂ ಒಳ್ಳೆಯವರು, ಕುರ್ಚಿ ಕೊಟ್ಟರು, ಗೋಡೆಯ ಮೇಲಿನ ನಕ್ಷೆ ತೋರಿಸಿದರು. ಸ್ಟೇಡಿಯಮ್ಮಿನ ಸುತ್ತ ಒಂದು ಕೆಂಪು ಗೆರೆ. ರೈಲು ಹಳಿಯವರೆಗೆ. ಗೆರೆಯ ಒಳಗೆ ಬೀದಿಯಲ್ಲಿ ಮಲಗುವವರಷ್ಟೇ ಸ್ಥಳೀಯರು, ಕ್ಲಬ್ಬಿನ ಹೊಣೆ ಅವರಿಗೆ ಮಾತ್ರ. ತಿಂಗಳಿಗೊಂದು ಎಣಿಕೆ. ಮೂರು ಎಣಿಕೆಯಲ್ಲಿ ಒಂದೇ ಜಾಗದಲ್ಲಿ ಸಿಕ್ಕವರಿಗೆ ಕೋಣೆ. ಎಣಿಕೆ ಯಾವತ್ತು ಎಂದು ಅವಳು ಕೇಳಿದಳು. ಪಂದ್ಯದ ಮರುದಿನ, ಸೋಮವಾರ ಬೆಳಿಗ್ಗೆ. ಆವತ್ತು ಆಫೀಸಿನಲ್ಲಿ ಕೆಲಸ ಕಡಿಮೆಯಂತೆ.

“ನಮಗೂ ಬೇಜಾರೇ,” ಎಂದರು ಮೇಡಂ. “ಎಂಟು ತಿಂಗಳಾಯ್ತು, ಒಬ್ಬರೂ ಸಿಕ್ಕಿಲ್ಲ. ಈ ಜನ ಒಂದು ಕಡೆ ನಿಲ್ಲೋದೇ ಇಲ್ಲ ನೋಡಿ.”

ಅವಳ ಬಾಯಿಯವರೆಗೆ ಬಂತು. ನುಂಗಿಕೊಂಡಳು. ಕೊರಳಲ್ಲಿ ಪಾಸು ತೂಗುತ್ತಿತ್ತು.

ಮುಂದಿನ ಎಣಿಕೆಗೆ ಏನಾದರಾಗಲಿ ಎಂದು ಅತ್ತೆಯನ್ನು ಕಸದ ಡ್ರಮ್ಮುಗಳ ಹಿಂದೆ ಅಡಗಿಸಿ ಕೂರಿಸಿದಳು. ಬೆಳಕು ಹರಿಯುತ್ತಿದ್ದಂತೆ ಮೆಟ್ಟಿಲ ಕೆಳಗೆ ತಂದು ಮಲಗಿಸಿ, ತಾನು ರಸ್ತೆಯಾಚೆ ನಿಂತಳು. ಎಣಿಸುವ ಗುಮಾಸ್ತ ಬರುವುದಕ್ಕೆ ಹತ್ತು ನಿಮಿಷ ಮೊದಲು ಸೆಕ್ಯುರಿಟಿಯವನು ಬಂದ. ಏಳು ಮುದುಕಿ ಎಂದ. ಅತ್ತೆ ಏಳಲಿಲ್ಲ. ಅವನು ಅವಳು ಮಲಗಿದ್ದ ಪ್ಲಾಸ್ಟಿಕ್ ಹಾಳೆಯ ಎರಡು ತುದಿ ಹಿಡಿದು, ಮೂಟೆ ಎಳೆದಂತೆ ಎಳೆದುಕೊಂಡು ಹೋದ. ಮುದುಕಿಯ ತಲೆ ಎರಡು ಸಲ ಕಲ್ಲಿಗೆ ತಾಗಿತು. ಆಮೇಲೆ ನೀರು ಬಿಟ್ಟ. ಆಮೇಲೆ ಗುಮಾಸ್ತ ಬಂದ. ಒದ್ದೆ ನೆಲ ನೋಡಿದ, ಬೂಟು ನೆನೆಯದಂತೆ ದೂರವೇ ನಿಂತು ಬರೆದುಕೊಂಡ. ಏನು ಬರೆದನೆಂದು ಅವಳಿಗೆ ಗೊತ್ತಿತ್ತು. ಸೊನ್ನೆ. ಅವಳು ರಸ್ತೆಯಾಚೆ ನಿಂತೇ ಇದ್ದಳು. ಏಳೂವರೆಗೆ ಕೆಲಸಕ್ಕೆ ಹೋಗಿ ಇಪ್ಪತ್ತನಾಲ್ಕು ಚಾದರ ಒಗೆದಳು.

ಆ ತಿಂಗಳ ಪತ್ರಿಕೆಯಲ್ಲಿ ಕ್ಲಬ್ಬು ಅಚ್ಚು ಹಾಕಿಸಿತು: ನಮ್ಮ ಸುತ್ತಮುತ್ತ ಈಗ ಬೀದಿಯಲ್ಲಿ ಮಲಗುವವರು ಯಾರೂ ಇಲ್ಲ.

ಹೀಗಿರುವಾಗ ಫುಟ್‌ಬಾಲ್ ಒಕ್ಕೂಟದಿಂದ ಪರಿಶೀಲಕರು ಬರುತ್ತಾರೆ ಎಂದು ಸುದ್ದಿಯಾಯಿತು. ಪ್ರತಿ ಕ್ಲಬ್ಬೂ ತನ್ನ ಊರಿನ ನಿರ್ಗತಿಕರಿಗೆ ಏನು ಮಾಡಿದೆ ಎಂದು ತೋರಿಸಬೇಕಂತೆ. ಭಾನುವಾರದ ಪಂದ್ಯದ ನಡುವೆ ಮೈದಾನದಲ್ಲೇ ಒಬ್ಬರಿಗೆ ಕೋಣೆಯ ಕೀ ಕೊಡುವುದು, ಫೋಟೋ ತೆಗೆಯುವುದು ಎಂದು ತೀರ್ಮಾನವಾಯಿತು. ಕೊಡಲು ಕೀ ಇತ್ತು, ಕೋಣೆ ಇತ್ತು, ತಗೊಳ್ಳಲು ಜನ ಇರಲಿಲ್ಲ. ಗುರುವಾರ ಮೇಡಂ ಒಗೆಯುವ ಕೋಣೆಗೇ ಬಂದರು. ಸೂಪರ್‌ವೈಸರ್ ಇವಳ ಕಡೆ ಕೈ ತೋರಿಸಿದ. ಮೇಡಂ ಅಡಿಯಿಂದ ಮುಡಿಯವರೆಗೆ ನೋಡಿದರು.

ಸೂರಿಲ್ಲದವಳ ಹಾಗೆ ಒಂದು ಗಂಟೆ ನಟಿಸಿದರೆ ಸಾಕು ಎಂದರು. ಮನೆಯಲ್ಲಿ ವಯಸ್ಸಾದವರು ಯಾರಾದರೂ ಇದ್ದಾರಾ?

“ಅತ್ತೆ ಇದ್ದಾರೆ,” ಎಂದಳು. “ಹುಷಾರಿಲ್ಲ. ಕೆಮ್ಮು.”

“ಕೆಮ್ಮಾ? ಒಳ್ಳೇದಾಯ್ತು,” ಎಂದುಬಿಟ್ಟರು ಮೇಡಂ. ಆಮೇಲೆ ನಾಲಿಗೆ ಕಚ್ಚಿಕೊಂಡರು.

ಎಲ್ಲಿ ಮಲಗುತ್ತಿದ್ದಿರಿ ಎಂದು ಪರಿಶೀಲಕರು ಕೇಳಿದರೆ ಏನು ಹೇಳಲಿ ಎಂದು ಇವಳು ಕೇಳಿದಳು. ಪೂರ್ವ ಗ್ಯಾಲರಿ ಮೆಟ್ಟಿಲ ಕೆಳಗೆ ಎನ್ನಲೇ? ಬೇಡ, ಅಲ್ಲಿ ಯಾರೂ ಇಲ್ಲ ಅಂತ ಎಲ್ಲರಿಗೂ ಗೊತ್ತು, ನಂಬುವುದಿಲ್ಲ, ರಸ್ತೆ ಬದಿ ಎನ್ನಿ ಸಾಕು ಎಂದರು ಮೇಡಂ.

ಸಂಜೆ ಅತ್ತೆಗೆ ಹೇಳಿದಾಗ ಮುದುಕಿ ಕೆಮ್ಮು ಬರುವಷ್ಟು ನಕ್ಕಳು.

“ಸೂರಿಲ್ಲದೋರ ವೇಷ ಹಾಕ್ಬೇಕಾ? ಸರಿ ಕಣೇ. ನಂಗೆ ಮಾತು ಬಾಯಿಪಾಠ ಆಗುತ್ತೋ ಇಲ್ವೋ, ಅದೇ ಯೋಚನೆ.”

ಸೊಸೆಗೆ ನಗು ಬರಲಿಲ್ಲ. ಮುದುಕಿಯ ಪಾದ ಮುಟ್ಟಿ ನೋಡಿದಳು. ತಣ್ಣಗಿತ್ತು, ಊದಿಕೊಂಡಿತ್ತು. ಅವಳಿಗೆ ಬೇಕಾಗಿದ್ದು ಇಷ್ಟೇ, ಈ ಪಾದ ಒಂದು ವಾರ ಒಣಗಿರಬೇಕು.

ಶನಿವಾರ ಪೈಪು ಬಂತು. ಭಾನುವಾರ ಬೆಳಿಗ್ಗೆ ಅತ್ತೆಯನ್ನು ಹಳಿಯಾಚೆಯಿಂದ ಕರೆದುಕೊಂಡು ಗೇಟಿಗೆ ಬಂದಳು. ಮೇಡಂ ಪ್ರತಿದಿನ ಕಾರಿನಲ್ಲಿ ದಾಟಿ ಹೋಗುವ ಗೇಟು ಅದು. ಮುದುಕಿ ಮೂವತ್ತು ವರ್ಷ ಕೂತ ಜಾಗವೂ ಅದೇ. ನಿಮ್ಮನ್ನು ನೋಡಿದ್ದು ಇದೇ ಮೊದಲು, ತುಂಬ ಸಂತೋಷ ಎಂದರು ಮೇಡಂ.

ಒಂದು ತೊಂದರೆಯಿತ್ತು. ಸೋಪಕ್ಕ ತುಂಬ ಶುಚಿಯಾಗಿದ್ದಳು. ಇನ್ನೇನು? ದಿನವಿಡೀ ಸೋಪಿನ ನೀರಿನಲ್ಲಿ ನಿಲ್ಲುವವಳು, ತನ್ನ ಎರಡು ಜೊತೆ ಬಟ್ಟೆಯನ್ನೂ ಅಲ್ಲೇ ಹಿಂಡಿಕೊಂಡು ಉಡುವವಳು. ಹೀಗಿದ್ದರೆ ಯಾರು ನಂಬುತ್ತಾರೆ ಎಂದ ಸೂಪರ್‌ವೈಸರ್. ಬುಟ್ಟಿಯಲ್ಲಿ ಅಭ್ಯಾಸದ ಬೂಟುಗಳಿದ್ದವು. ಒಂದನ್ನು ತೆಗೆದು ತಲೆಕೆಳಗು ಮಾಡಿ, ಅಟ್ಟೆಯ ಮುಳ್ಳುಗಳ ನಡುವಿನ ಕೆಸರನ್ನು ಹೆಬ್ಬೆರಳಿನಲ್ಲಿ ಕಿತ್ತು, ಅವಳ ಭುಜದ ಮೇಲೆ ಒರೆಸಿದ. ಶಾಲಿನ ಮೇಲೆ ಒರೆಸಿದ. ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಕೆನ್ನೆಗೂ ಸ್ವಲ್ಪ ಹಚ್ಚಿದ.

ಅವಳು ಅಲುಗಾಡಲಿಲ್ಲ. ಸಿಟ್ಟು ಎಂದರೆ ಬಿಸಿ ಎಂದುಕೊಂಡಿದ್ದಳು ಇಷ್ಟು ದಿನ. ಇದು ತಣ್ಣಗಿತ್ತು.

ಹಾಫ್ ಟೈಮಿನಲ್ಲಿ ಮೈದಾನಕ್ಕೆ ಕರೆದೊಯ್ದರು. ಹುಲ್ಲಿನ ಮೇಲೆ ಅವಳು ಕಾಲಿಟ್ಟದ್ದು ಆವತ್ತೇ ಮೊದಲು. ಹುಲ್ಲಿನ ಕಲೆ ಮಾತ್ರ ಅವಳದು, ಹುಲ್ಲು ಅಲ್ಲ. ಮೈಕಿನಲ್ಲಿ ಯಾರೋ ಕ್ಲಬ್ಬಿನ ದೊಡ್ಡ ಮನಸ್ಸಿನ ಬಗ್ಗೆ ಮಾತಾಡಿದರು. ಸಾವಿರಾರು ಜನ ಚಪ್ಪಾಳೆ ತಟ್ಟಿದರು. ತಂಡದ ನಾಯಕ ಬಂದು ಕೀ ಕೊಟ್ಟ. ಕೆಸರಿನ ಮುಖದ ಹೆಂಗಸು ಯಾರೆಂದು ಅವನಿಗೆ ತಿಳಿಯಲಿಲ್ಲ. ಅವನ ಒಳಚಡ್ಡಿಯನ್ನೂ ಆರು ವರ್ಷದಿಂದ ಒಗೆಯುತ್ತಿದ್ದಳು.

“ಮಗಾ, ಎಡಗಡೆಗೆ ಜಾಸ್ತಿ ಬೀಳ್ಬೇಡ,” ಎಂದಳು ಅತ್ತೆ ಅವನ ಕೈ ಹಿಡಿದು. “ಆ ಕಡೆ ಕಲೆ ಹೋಗೋದೇ ಇಲ್ಲವಂತೆ.”

ಅವನು ಏನೂ ತಿಳಿಯದೆ ನಕ್ಕ. ಫೋಟೋ ಚೆನ್ನಾಗಿ ಬಂತು.

ಅಲ್ಲಿಂದ ‘ಆಸರೆ’ಗೆ. ಪರಿಶೀಲಕರು, ಮೇಡಂ, ಸೂಪರ್‌ವೈಸರ್, ಫೋಟೋದವನು. ನಾಲ್ಕನೇ ನಂಬರಿನ ಕೋಣೆ. ಕೀ ತಿರುಗಿಸಿದಾಗ ಬೀಗ ಬಿಗಿಯಾಗಿತ್ತು, ಯಾರೂ ತೆಗೆದು ಅಭ್ಯಾಸವಿರಲಿಲ್ಲ. ಒಳಗೆ ಎರಡು ಮಂಚ, ಒಂದು ಮೇಜು, ಬಿಸಿಗಾಳಿಯ ಹೀಟರು. ದಿಂಬಿನ ಮೇಲೆ ಇನ್ನೂ ಅಂಗಡಿಯ ಪ್ಲಾಸ್ಟಿಕ್ಕು. ಅತ್ತೆಯನ್ನು ಮಂಚದ ಮೇಲೆ ಕೂರಿಸಿದರು. ಪರಿಶೀಲಕರು ಬಗ್ಗಿ, ಮೊದಲು ಎಲ್ಲಿ ಮಲಗುತ್ತಿದ್ದಿರಿ ಅಜ್ಜಿ ಎಂದು ಕೇಳಿದರು.

“ಇವರನ್ನೇ ಕೇಳಿ,” ಎಂದಳು ಮುದುಕಿ. “ವಾರಾವಾರ ನೀರು ಬಿಟ್ಟು ಎಬ್ಬಿಸ್ತಿದ್ದೋರು ಇವರೇ.”

ಪಾಪ, ವಯಸ್ಸಾಗಿದೆ ಎಂದರು ಮೇಡಂ. ಪರಿಶೀಲಕರು ತಲೆಯಾಡಿಸಿ, ಪುಸ್ತಕದಲ್ಲಿ ಗುರುತು ಹಾಕಿ, ಎರಡನೇ ಅರ್ಧ ಶುರುವಾಗುತ್ತದೆಂದು ಹೊರಟುಹೋದರು. ಫೋಟೋದವನೂ ಹೋದ.

ಮೇಡಂ ಉಸಿರು ಬಿಟ್ಟು, ತುಂಬ ಚೆನ್ನಾಗಿ ಮಾಡಿದಿರಿ ಎಂದು ಕೈ ಚಾಚಿದರು.

“ಕೀ ಕೊಡಿ ಸೋಪಕ್ಕ.”

“ಇಲ್ಲ.”

ಅವಳಿಗೇ ಆಶ್ಚರ್ಯವಾಯಿತು. ಹತ್ತೊಂಬತ್ತು ವರ್ಷ ಆ ಗೇಟಿನೊಳಗೆ ಅವಳ ಬಾಯಿಂದ ಬಂದಿದ್ದು ಆಯ್ತು ಸಾರ್, ಆಯ್ತು ಮೇಡಂ. ಇಲ್ಲ ಅನ್ನುವುದು ಇಷ್ಟು ಚಿಕ್ಕ ಮಾತೆಂದು ಗೊತ್ತಿರಲಿಲ್ಲ.

ಮೇಡಂ ಮೊದಲು ನಕ್ಕರು. ಆಮೇಲೆ ತಿಳಿಹೇಳಿದರು. ನಿಜವಾಗಿ ಸೂರಿಲ್ಲದವರಿಗೆ ಸೇರಬೇಕಾದ ಕೋಣೆ ಇದು, ಬಡವರ ಪಾಲನ್ನು ಕಿತ್ತುಕೊಳ್ಳಬಹುದಾ?

“ಅಂಥೋರು ಎಲ್ಲಿದ್ದಾರೆ ಮೇಡಂ?”

“ಹುಡುಕ್ತಾ ಇದ್ದೀವಿ.”

“ಸಿಕ್ಕಿದೀನಿ. ನಾನೇ. ಇವರು ನನ್ನ ಅತ್ತೆ. ಪೂರ್ವ ಗ್ಯಾಲರಿ ಮೆಟ್ಟಿಲ ಕೆಳಗೆ ಎರಡು ವರ್ಷದಿಂದ ಇದ್ದೀವಿ.”

ಸೂಪರ್‌ವೈಸರ್ ಮುಂದೆ ಬಂದ. ಫೈಲಿನಲ್ಲಿ ವಿಳಾಸ ಇದೆ, ಹಿಂದಿನ ಬೀದಿ, ಏಳನೇ ಮನೆ, ನಾಟಕ ಸಾಕು ಎಂದ.

“ಆ ಮನೆ ಮೇಲೆ ನಿಮ್ಮ ಕಾರು ನಿಂತಿದೆ ಸಾರ್,” ಎಂದಳು. “ಹೋಗಿ ನೋಡಿ. ನಮ್ಮ ಒಲೆ ಇದ್ದ ಜಾಗದಲ್ಲಿ.”

ಮೇಡಂ ಮುಖ ಕೆಂಪಾಯಿತು. ಸೂಪರ್‌ವೈಸರನಿಗೆ ಮಾತ್ರ ದಾರಿ ಸಿಕ್ಕಿತು. ಹಾಗಾದರೆ ಸುಳ್ಳು ವಿಳಾಸ ಕೊಟ್ಟು ಕೆಲಸ ಮಾಡಿದ್ದೀಯ, ನಾಳೆಯಿಂದ ಪಾಸು ಇಲ್ಲ, ಕೆಲಸ ಬೇಕಾ ಕೋಣೆ ಬೇಕಾ ಯೋಚನೆ ಮಾಡು ಎಂದ.

ಅವಳು ಯೋಚನೆ ಮಾಡಲಿಲ್ಲ. ಇಷ್ಟು ದಿನ ಅದನ್ನೇ ಯೋಚಿಸಿ ಸಾಕಾಗಿತ್ತು. ಕೊರಳಿನಿಂದ ಪಾಸು ತೆಗೆದು ಅವನ ಅಂಗೈಯಲ್ಲಿಟ್ಟಳು. ಇಬ್ಬರನ್ನೂ ಹೊರಗೆ ಕಳಿಸಿ ಚಿಲಕ ಹಾಕಿಕೊಂಡಳು.

ಹೊರಗೆ ಬಡಿದರು. ಬೈದರು. ಬುದ್ಧಿ ಹೇಳಿದರು. ಮೈದಾನದಲ್ಲಿ ಗೋಲಾಯಿತು, ಗೋಡೆ ನಡುಗುವಂತೆ ಜನ ಕೂಗಿದರು. ಅವಳು ಕೈಯಾರೆ ದಿಂಬಿನ ಪ್ಲಾಸ್ಟಿಕ್ಕು ಹರಿದಳು. ಅತ್ತೆಯ ಪಾದಗಳನ್ನು ಒರೆಸಿ, ಹೀಟರಿನ ಕಡೆ ತಿರುಗಿಸಿ ಮಲಗಿಸಿದಳು. ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾಲ್ಕು ನಿಮಿಷದ ದಾರಿಗೆ ಇಷ್ಟು ತಿಂಗಳು ಹಿಡಿಯಿತು ಎಂಬುದೊಂದೇ ತಲೆಯಲ್ಲಿತ್ತು. ಹೊಸ ಗೋಡೆಗೆ ಮುಷ್ಟಿಯಿಂದ ಒಂದು ಗುದ್ದು ಗುದ್ದಿದಳು. ಬೆರಳು ನೋಯಿತು, ಅಷ್ಟೇ.

“ಗೋಡೆ ಏನೇ ಮಾಡಿತ್ತು ನಿಂಗೆ?” ಎಂದಳು ಅತ್ತೆ. “ಮುಖ ತೊಳ್ಕೋ ಮೊದಲು.”

ಸೋಮವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು ಮೆತ್ತಗಿತ್ತು. ಚಿಲಕ ತೆಗೆದು, ಕಾಲು ಅಡ್ಡ ಇಟ್ಟು ನೋಡಿದಳು. ಮೇಡಂ ನಿಂತಿದ್ದರು. ಹಿಂದೆ ಇಬ್ಬರು ಸೆಕ್ಯುರಿಟಿಯವರು. ಪಕ್ಕದಲ್ಲಿ ಎಣಿಕೆಯ ಗುಮಾಸ್ತ, ಎದೆಗೆ ಬರೆಯುವ ಹಲಗೆ ಒತ್ತಿ ಹಿಡಿದಿದ್ದ. ಮೇಡಂ ನಿದ್ದೆ ಮಾಡಿದಂತೆ ಕಾಣಲಿಲ್ಲ.

“ಬರ್ಕೊಳಪ್ಪಾ,” ಎಂದಳು ಅವಳು ಗುಮಾಸ್ತನಿಗೆ. “ಇಬ್ಬರು.”

ಅವನು ಹಾಳೆಯನ್ನು ಎರಡು ಸಲ ಮೇಲಿಂದ ಕೆಳಗೆ ನೋಡಿದ. ಒಳಗಿರುವವರನ್ನು ಬರೆಯಲು ಜಾಗವಿಲ್ಲ, ಹೊರಗೆ ಮಲಗಿದವರನ್ನು ಮಾತ್ರ ಬರೆಯುವುದು ಎಂದ.

“ಹೊರಗಿದ್ದಾಗ ಯಾಕೆ ಬರೀಲಿಲ್ಲ?”

“ನಾನು ಬಂದಾಗ ಅಲ್ಲಿ ಯಾರೂ ಇರಲಿಲ್ಲ ಅಕ್ಕ,” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಮೇಡಂ ದನಿ ತಗ್ಗಿಸಿದರು. ರಾತ್ರಿಯೆಲ್ಲ ಯೋಚಿಸಿದ್ದೇನೆ, ಒಂದು ದಾರಿಯಿದೆ ಎಂದರು. ಈಗ ಹೊರಗೆ ಬಂದುಬಿಡಿ. ಮೆಟ್ಟಿಲ ಕೆಳಗೆ ಹೋಗಿ. ಪೈಪು ಬಿಡದಂತೆ ನಾನೇ ಹೇಳುತ್ತೇನೆ. ಮೂರು ಎಣಿಕೆಯಾಗಲಿ, ನಿಯಮದ ಪ್ರಕಾರ ಇದೇ ಕೋಣೆಯನ್ನು ನಾನೇ ನಿಂತು ಕೊಡಿಸುತ್ತೇನೆ. ಕಣ್ಣಲ್ಲಿ ನೀರಿತ್ತು. ನಿಜವಾದ ನೀರು.

“ಮೂರು ಎಣಿಕೆ ಅಂದ್ರೆ ಮೂರು ತಿಂಗಳು,” ಎಂದಳು ಅವಳು. “ನನ್ನ ಅತ್ತೆ ಹತ್ರ ಅಷ್ಟಿಲ್ಲ ಮೇಡಂ.”

ಸೆಕ್ಯುರಿಟಿಯವನೊಬ್ಬ ಬಾಗಿಲಿನ ಅಂಚಿಗೆ ಕೈ ಹಾಕಿದ. ಪ್ಲಾಸ್ಟಿಕ್ ಹಾಳೆ ಎಳೆದವನೇ. ಅವಳು ಅವನ ಕೈಯನ್ನು ನೋಡಿದಳು, ಆಮೇಲೆ ಮುಖವನ್ನು. “ಎಳೀಬೇಕು ಅಂದ್ರೆ ಎಳಿ,” ಎಂದಳು. “ನಾವಾಗಿ ಬರಲ್ಲ. ಇವತ್ತು ಎಲ್ಲರ ಕಣ್ಮುಂದೆ ಎಳಿ. ಈ ಮೇಡಂ ನೋಡಲಿ. ಇವನು ಬರ್ಕೊಳ್ಳಲಿ.”

ಅವನು ಮೇಡಂ ಕಡೆ ತಿರುಗಿದ. ಮೇಡಂ ಗುಮಾಸ್ತನ ಕಡೆ. ಗುಮಾಸ್ತ ಹಾಳೆಯ ಕಡೆ.

“ಯಾರೇ ಅದು?” ಒಳಗಿನಿಂದ ಅತ್ತೆಯ ದನಿ ಬಂತು. ನಿದ್ದೆ ಕೆಟ್ಟ ಸಿಡುಕಿನ ದನಿ. “ಬರೋದಿದ್ರೆ ಒಳಗೆ ಬರಲಿ. ಇಲ್ಲಾಂದ್ರೆ ಬಾಗಿಲು ಹಾಕು. ಥಂಡಿ ಗಾಳಿ ಬರ್ತಿದೆ.”

ಅವಳು ಬಾಗಿಲು ಹಾಕಿದಳು.